ನಾಲ್ಕು ಬೆರಳಿನ ಜಾಗ

ಹಾಸನದ ಕ್ಯೂರಿಂಗ್ ವರ್ಕ್ಸಿನಲ್ಲಿ ನಮ್ಮದು ಹನ್ನೊಂದನೇ ಮೇಜು.
ಕರಿ ಬೀಜ ಒಂದು ಕಡೆಗೆ, ಒಡಕು ಒಂದು ಕಡೆಗೆ,
ಹುಳ ಹೊಕ್ಕಿದ್ದು ಕಾಲಬುಡದ ಡಬ್ಬಕ್ಕೆ.
ಕೈಗೆ ಕೆಲಸ, ಕಣ್ಣಿಗೆ ಕೆಲಸ,
ಬಾಯಿಗೆ ಮಾತ್ರ ಮೇಸ್ತ್ರಿ ಕೂಲಿ ಕೊಡುತ್ತಿರಲಿಲ್ಲ,
ಹಾಗಾಗಿ ಅದು ನಮ್ಮದು.

ಫಿಲೋಮಿನ ಹೇಳುತ್ತಿದ್ದಳು:
ಹೇಮಾವತಿ ಹಿನ್ನೀರಿಗೆ ಊರು ಮುಳುಗುವಾಗ
ಅವಳಪ್ಪ ಮನೆ ಬಾಗಿಲು ಕಿತ್ತು ತಲೆ ಮೇಲೆ ಹೊತ್ತು ತಂದದ್ದು,
ಹೊಸ ಮನೆಗೆ ಅದು ಎರಡು ಗೇಣು ಉದ್ದವಾದದ್ದು.
ಮೆಹರುನ್ನಿಸಾ, ಅತ್ತೆಗೆ ಗೊತ್ತಾಗದ ಹಾಗೆ
ಬೆಳಗಿನ ನಾಲ್ಕಕ್ಕೆ ಪೆನ್ಷನ್ ಮೊಹಲ್ಲಾದಲ್ಲಿ
ಮೈದುನನ ಸೈಕಲ್ಲು ಕಲಿತದ್ದು.
ಜವರಮ್ಮನದು ಯಾವಾಗಲೂ ಒಂದೇ ಕಥೆ,
ಕೋಳಿ ಕದ್ದ ಕಳ್ಳ ಮಾತ್ರ ಒಂದು ದಿನ ಕುಂಟ,
ಒಂದು ದಿನ ಬಾಗಿಲೆತ್ತರದ ಆಳು.

ನಾನು ಹದಿನಾಲ್ಕು ವರ್ಷ ಬರೀ ಹೂಂಗುಟ್ಟಿದೆ.
ನಿಂದೇನೇ ಸಣ್ಣಮ್ಮಿ, ಎಂದರೆ
ನಂದೇನೈತೆ, ಎಲ್ಲರ ಹಂಗೇಯ,
ಎಂದು ಅಂಗೈಯಗಲ ಬೀಜ ಮುಂದಕ್ಕೆ ತಳ್ಳುತ್ತಿದ್ದೆ.

ಬಣ್ಣ ನೋಡಿ ಆರಿಸುವ ಮಿಷನ್ನು ಬಂತು.
ಯುಗಾದಿಯಿಂದ ಬರಬೇಡಿ, ಎಂದ ರೈಟರು.
ಆ ಕೊನೆಯ ವಾರ, ಬೀಜ ಕಮ್ಮಿ, ಹೊತ್ತು ಜಾಸ್ತಿ,
ಯಾಕೋ ಬಾಯಿಗೆ ಬಂತು:

ಮದುವೆಯಾದ ಹದಿನೈದನೇ ದಿನ
ಕಸ್ತೂರಬಾ ರಸ್ತೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು.
ಮುಂಗಡ ಹತ್ತು ರೂಪಾಯಿ. ಬಾಕಿ ಹದಿನೈದು
ಹೊಂದಿಸುವಷ್ಟರಲ್ಲಿ ಬಸುರು, ಬಾಣಂತನ, ಮಾವನ ಆಪರೇಷನ್ನು.
ಹೋಗಿ ತರಲೇ ಇಲ್ಲ.
ಅಲ್ಲೀಗ ಮೊಬೈಲ್ ಅಂಗಡಿ.
ಅಷ್ಟೇ, ಎಂದೆ.

ಅಷ್ಟೇ ಎಂದರೆ ಯಾರು ಬಿಡುತ್ತಾರೆ?
ಸೀರೆ ಯಾವುದು? ಜವರಮ್ಮ.
ಗಿಳಿ ಹಸಿರು. ಅಲ್ಲ, ಅದು ನಾದಿನಿಯದು,
ನನ್ನದು ಕಂದು, ಅಂಚು ಹುಚ್ಚೆಳ್ಳು ಹೂವಿನ ಬಣ್ಣ.
ಮುಡಿಗೆ? ಕನಕಾಂಬರ. ಎಡಕ್ಕೆ ಜಾರಿತ್ತು.
ಹಿಂದೆ ಪರದೆ ಮೇಲೆ ಏನು ಬರೆದಿತ್ತು?
ಕೆರೆ. ಎರಡು ಹಂಸ. ಒಂದರ ಕತ್ತು ಹರಿದು ಹೊಲಿದಿದ್ದರು.

ಇದೆಲ್ಲ ಎಲ್ಲಿತ್ತು ನನ್ನೊಳಗೆ?
ಮೂವತ್ತೊಂದು ವರ್ಷ ಯಾರೂ ಕೇಳಿರಲಿಲ್ಲ.
ನಾನೂ.

ನಿನ್ನ ಯಜಮಾನರ ಕೈ ಎಲ್ಲಿತ್ತೇ? ಮೆಹರುನ್ನಿಸಾ.
ಎಲ್ಲರೂ ನಕ್ಕರು. ನಾನು ಬೀಜ ಬಿಟ್ಟೆ.

ಕೈ ತೊಡೆಯ ಮೇಲಿತ್ತು, ಪರೀಕ್ಷೆಗೆ ಕೂತ ಹುಡುಗನ ಹಾಗೆ.
ಹತ್ತಿರ, ಇನ್ನೂ ಹತ್ತಿರ, ಎಂದ ಫೋಟೋದವನು.
ಜರುಗಿದರು. ಬೆಂಚಿನ ಮೊಳೆ ಪ್ಯಾಂಟು ಹಿಡಿದು
ಪರ್ರೆಂದಿತು.
ನಕ್ಕ.
ನಕ್ಕರು ಅನ್ನಬೇಕು, ಬಾಯಿಗೆ ನಕ್ಕ ಅಂತಲೇ ಬಂತು.
ಚೂರು ಮುರಿದ ಹಲ್ಲು ಕಾಣುವ ಹಾಗೆ ನಕ್ಕ,
ಅದೇ ಹೊತ್ತಿಗೆ ದೀಪ ಫಳ್ಳೆಂದಿತು.
ಆಗಲೂ ನಮ್ಮ ನಡುವೆ ನಾಲ್ಕು ಬೆರಳಿನ ಜಾಗ.

ಅವರು ಹೋಗಿ ಒಂಬತ್ತು ವರ್ಷ.
ನನ್ನ ಹತ್ತಿರ ಉಳಿದದ್ದು ಕೊನೆಯ ಆರು ತಿಂಗಳ ಕೆಮ್ಮು,
ಆಸ್ಪತ್ರೆಯ ಚೀಟಿ, ಅನ್ನದ ತಟ್ಟೆ ದೂಡಿದ ಒಂದು ರಾತ್ರಿ.
ಅಷ್ಟನ್ನೇ ಅವರು ಅಂದುಕೊಂಡಿದ್ದೆ.
ಆ ನಗು ನಾನು ಕರೆದದ್ದಕ್ಕೆ ಬರಲಿಲ್ಲ,
ಹನ್ನೊಂದನೇ ಮೇಜಿನವರು ಕೇಳಿದ್ದಕ್ಕೆ ಎದ್ದು ಬಂತು.

ಫೋಟೋ ಚೆನ್ನಾಗಿ ಬಂದೈತೆ ಬುಡು, ಎಂದಳು ಫಿಲೋಮಿನ.
ಜವರಮ್ಮ ಒಪ್ಪಲಿಲ್ಲ:
ಹೂವು ಒಂಚೂರು ಬಲಕ್ಕಿರಬೇಕಿತ್ತು.

ಈಗ ಮಿಷನ್ನು ಆರಿಸುತ್ತದೆ, ಹಾಡುಹಗಲೂ ನಡುರಾತ್ರಿಯೂ.
ನಾವು ಗುರುವಾರ ಮಹಾರಾಜ ಪಾರ್ಕಿನಲ್ಲಿ ಸೇರುತ್ತೇವೆ,
ಕಡ್ಲೆಕಾಯಿ ಸುಲಿಯುತ್ತ. ಕೈಗೆ ಏನಾದರೂ ಬೇಕಲ್ಲ.
ಮೊನ್ನೆ ಜವರಮ್ಮ ಬೆಂಚಿನ ಆ ತುದಿಯಲ್ಲಿ
ಯಾರೋ ಹೊಸಬಳಿಗೆ ನನ್ನ ಕಥೆ ಹೇಳುತ್ತಿದ್ದಳು.
ಅವಳ ಬಾಯಲ್ಲಿ ಹಂಸ ಮೂರಾಗಿವೆ.
ನಾಲ್ಕು ಬೆರಳು ಎರಡಾಗಿದೆ.
ಹೌದೇನಕ್ಕ, ಎಂದು ಆ ಹುಡುಗಿ ನನ್ನ ಕಡೆ ತಿರುಗಿದಳು.
ಹೂಂ, ಎಂದೆ.