ಎಡಗೈಯ ಒರೆ

ಬ್ರೆಡ್ಡಿನ ಚೀಲದಲ್ಲಿ ಸುತ್ತಿ ತಂದಿದ್ದ ಐಲಿಫ್.
ಹರಾಜಿನಲ್ಲಿ ಹರಿದ ಮೀನುಬಲೆ, ಎರಡು ಲಾಟೀನು,
ಕಾಲು ಮುರಿದ ಕುರ್ಚಿಯ ಜೊತೆ ಪುಕ್ಕಟೆ ಬಂದದ್ದಂತೆ.
"ವೈಕಿಂಗರದ್ದು," ಅಂದ, ಬೂಟಿನ ಹಿಮ ಕೊಡವುತ್ತ.
"ಹಿಡಿಯ ಮೇಲೆ ಹಾವು ಹೆಣೆದುಕೊಂಡಿದೆ, ನೋಡು."

ಹಾವಲ್ಲ. ಆದರೆ ಹೇಳಲಿಲ್ಲ.
ಗಿರಾಕಿಯ ಕನಸನ್ನು ಬಾಗಿಲಲ್ಲೇ ಕೊಯ್ಯಬಾರದು,
ಒಂದು ಕಾಫಿಯಾದರೂ ಆಗಲಿ.

ಒರೆಗೆ ಹಚ್ಚಿ ನೋಡಿದ ಮೇಲೆಯೇ
ಒರೆ ಹೊಲಿಯುವುದು ನನ್ನ ಪದ್ಧತಿ.
ರೋರೋಸಿನ ಡಿಸೆಂಬರು: ಹತ್ತಕ್ಕೆ ಬಂದು
ಎರಡೂವರೆಗೆ ಎದ್ದು ಹೋಗುವ ಬೆಳಕು.
ಅಷ್ಟರೊಳಗೆ ಕಿಟಕಿಯಲ್ಲಿ ಭೂತಗನ್ನಡಿ ಹಿಡಿದು ಕೂತೆ.

ಹಿಡಿ, ಹಿಮಸಾರಂಗದ ಕೊಂಬು.
ಬುಡದಲ್ಲಿ ಹಳಸಿದ ರೊಟ್ಟಿಯ ಹಾಗೆ ತೂತು ತೂತು.
ಕೊರೆದ ಗೆರೆಗಳಲ್ಲಿ ಇನ್ನೂ ಒಂದಿಷ್ಟು ಕೆಂಪು,
ಯಾರೋ ಆಲ್ಡರ್ ತೊಗಟೆ ಅಗಿದು ಉಗಿದು ತಿಕ್ಕಿದ್ದು.
ಉತ್ತರದ ಸಾಮಿಗಳಾದರೆ ಹೂ ಬಿಡಿಸುತ್ತಿದ್ದರು, ನಕ್ಷತ್ರ ಬಿಡಿಸುತ್ತಿದ್ದರು.
ಇದು ನಮ್ಮ ಕಡೆಯದು, ದಕ್ಷಿಣದ್ದು:
ಪಟ್ಟಿಯಡಿ ಪಟ್ಟಿ ತೂರಿ, ಅಂಚಿಗೆಲ್ಲ ಗರಗಸದ ಹಲ್ಲು.
ಅಜ್ಜಿ ಸೊಂಟಪಟ್ಟಿ ನೇಯುತ್ತಿದ್ದ ಲೆಕ್ಕವೇ.
ಮೇಲೆ, ಕೆಳಗೆ, ಮೇಲೆ, ಬಿಡು.
ಅವಳ ಭಾಷೆ ನನಗೆ ಬರುವುದು ಎಣಿಕೆಯವರೆಗೆ ಮಾತ್ರ;
ಮಿಕ್ಕದ್ದನ್ನು ಶಾಲೆ ಒರೆಸಿಹಾಕಿತು,
ಅವಳ ನಾಲಗೆಯಿಂದಲೇ, ನಾನು ಹುಟ್ಟುವ ಮೊದಲೇ.

ಹೆಸರಿಲ್ಲ, ಇಸವಿಯಿಲ್ಲ.
ಮಸೆದು ಮಸೆದು ಅಲಗು ಅರ್ಧಕ್ಕೆ ಇಳಿದಿದೆ,
ಹುಣ್ಣಿಮೆ ಕಳೆದ ಒಂಬತ್ತನೇ ದಿನದ ಚಂದ್ರನಷ್ಟು.
ಅಜ್ಜಿಯ ಅಜ್ಜನ ಕಾಲದ್ದು ಇರಬಹುದು; ಬಾಜಿ ಕಟ್ಟಲಾರೆ.

ಸಾಕಾಗಿ, ಕೆಲಸಕ್ಕೆ ಹಿಡಿಯುವ ಹಾಗೆ ಹಿಡಿದೆ.
ಕೂರಲೇ ಇಲ್ಲ ಕೈಯಲ್ಲಿ.
ಹೆಬ್ಬೆರಳಿನ ಗುಳಿ ಹಿಡಿಯ ಬಲಬದಿಗಿದೆ,
ನನ್ನ ಹೆಬ್ಬೆರಳು ಎಡಬದಿಯಲ್ಲಿ ದಾರಿ ತಪ್ಪಿ ನಿಂತಿದೆ.
ಎಡಚ. ಅಥವಾ ಎಡಚಿ.
ಶಾಲೆಗೆ ಸಿಗದೆ ಬಚಾವಾದ ಒಂದು ಕೈ.

ಚರ್ಮವನ್ನು ನೀರಿಗಿಟ್ಟೆ, ಗುಳ್ಳೆ ನಿಲ್ಲುವವರೆಗೆ.
ತುಕ್ಕು ಹತ್ತದಿರಲೆಂದು ಚಾಕುವಿಗೆ
ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಕೂಸಿಗೆ ಸುತ್ತಿದ ಹಾಗೆ.
ಒದ್ದೆ ಚರ್ಮ ಅದರ ಮೇಲೆ ಮಡಚಿ, ಮೂಳೆಯ ಪಟ್ಟಿಯಿಂದ
ಒತ್ತಿದೆ, ಒತ್ತಿದೆ, ಕೊಂಬಿನ ಉಬ್ಬುತಗ್ಗು ಹೊರಗೆ ಮೂಡುವ ತನಕ.
ಒಂದೇ ತೂತಿಗೆ ಎರಡು ಸೂಜಿ, ಎದುರುಬದುರು,
ಮೇಣ ತಿಕ್ಕಿದ ನೂಲು. ತುದಿಗೊಂದು ಕಿಂಡಿ,
ಒಳಗೆ ಹೋದ ನೀರು ಹೊರಗೆ ಬರಲೇಬೇಕಲ್ಲ.

ಬೆಲ್ಟಿನ ಕುಣಿಕೆಗೆ ಬಂದಾಗ ಕೈ ತಡೆಯಿತು.
ಐಲಿಫ್ ಬಲಗೈಯವನು. ಕಾಫಿ ಕುಡಿದದ್ದು ನೋಡಿದ್ದೇನೆ.
ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವಂತೆ;
ಒಂದು ಕತ್ತಿಗೆ ಎರಡು ಕೈ ಬಂದರೆ?
ಒಲೆಗೆ ಇನ್ನೊಂದು ಕೊರಡು ಹಾಕಿ ಬಂದೆ.
ಕುಣಿಕೆ ಎಡಕ್ಕೆ ಹೊಲಿದೆ.

ಗುರುವಾರ ಬಂದವನು ಸೊಂಟದ ಬಲಕ್ಕೆ ತೊಟ್ಟು
ಸುತ್ತ ತಿರುಗಿದ, ಬಾಲ ಹುಡುಕುವ ನಾಯಿಯಂತೆ.
"ಉಲ್ಟಾ ಹೊಲಿದಿದ್ದೀಯ, ಗುನ್‌ವೋರ್."
"ನಿನ್ನನ್ನು ಕೇಳಲಿಲ್ಲ. ಚಾಕುವನ್ನು ಕೇಳಿದೆ."

ಸಿಟ್ಟಿನಿಂದಲೇ ಎಡಕ್ಕೆ ಸರಿಸಿಕೊಂಡ,
ಸಿಟ್ಟಿನಿಂದಲೇ ಎಡಗೈಯಲ್ಲಿ ಎಳೆದ.
ಹೆಬ್ಬೆರಳು ಗುಳಿಯೊಳಗೆ ಇಳಿಯಿತು.
ತುಂಬ ಹೊತ್ತು ಹಾಗೇ ನಿಂತಿದ್ದ.
ಆಮೇಲೆ ಮೆತ್ತಗೆ, "ಹಾವಲ್ಲವಾ ಹಾಗಾದರೆ?"

ಅವನ ಬೆರಳು ಹಿಡಿದು ಗೆರೆಯ ಮೇಲೆ ನಡೆಸಿದೆ,
ಮೇಲೆ, ಕೆಳಗೆ. ನನಗೆ ಬರುವಷ್ಟು ಎಣಿಸಿದೆ:
ಆಕ್ತೆ, ಗ್ಯೋಕ್ತೆ, ಗೋಲ್ಮೆ.
"ನಾಲ್ಕಕ್ಕೇನು?" ಅಂದ.
ಇದೆ, ಬಾಯಲ್ಲೇ ಇದೆ. ತಡಿ, ಬರುತ್ತದೆ.