ತಕ್ಕದ್ದು

ಸಾಹೇಬ್ರ, ನಿಮ್ಮ ಮಸೂದೆ ಓದೇನಿ.
ಹಲಗಾದ ಸೌಧದಿಂದ ನಮ್ಮ ಇಮಾಮಹುಸೇನ
ಜೆರಾಕ್ಸ್ ತಂದಿದ್ದ, ಮಿರ್ಚಿ ಪೊಟ್ಟಣದ ಜೋಡಿ.
ಕಲಂ ಎರಡರ ಮ್ಯಾಲ ಎಣ್ಣಿ ಕೂತು
‘ತುರ್ತು ಎಂದರೆ’ ಅನ್ನೂದರ ಮುಂದಿಂದು ಕಾಣಸಲಿಲ್ಲ.
ಇರ್ಲಿ. ಅದು ನಮಗ ಗೊತ್ತೈತಿ.

ಎಷ್ಟ ತಕ್ಕದ್ದು ಅದಾವ್ರೀ ಅದರಾಗ!
ಮೂರನೆಯ ರಿಂಗಿನೊಳಗೆ ಕರೆಯನ್ನು ಸ್ವೀಕರಿಸತಕ್ಕದ್ದು.
ಸ್ಥಳವನ್ನು ಮೂವತ್ತು ಸೆಕೆಂಡಿನೊಳಗೆ ಗುರುತಿಸತಕ್ಕದ್ದು.
ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸತಕ್ಕದ್ದು.
ಎಣಿಸಿದೆ, ನಲವತ್ತೊಂದು.
ರಾತ್ರಿ ಪಾಳ್ಯಾಗ ಎಣಸಾಕ ಟೈಮ್ ಸಿಕ್ಕರ ಪೂರಾ ಸಿಗತೈತಿ,
ಇಲ್ಲಂದ್ರ ನೀರ ಕುಡ್ಯಾಕೂ ಇಲ್ಲ.

ನಮ್ಮ ಕ್ರಿಯಾಪದ ಬ್ಯಾರೆ.
ಬರಾಕತ್ತೈತ್ರಿ.
ಗಾಡಿ ಹೊಂಟೈತ್ರಿ, ಬರಾಕತ್ತೈತ್ರಿ, ಫೋನ್ ಇಡಬ್ಯಾಡ್ರಿ.
ಕಡೋಲಿಯವರಿಗೆ ಇದನ್ನ ಮರಾಠ್ಯಾಗ ಹೇಳತೇನಿ,
ದರ್ಬಾರ ಗಲ್ಲಿಯವರಿಗೆ ಉರ್ದುದಾಗ.
ಸುಳ್ಳು ಮೂರೂ ಭಾಷಾದಾಗ ಒಂದ ಅಳತೀದು.

ಅಧಿವೇಶನದ ದಿನ ಗಾಡಿ ಎಲ್ಲಾ ನಿಮ್ಮ ಕಡೆ,
ಕೊಂಡಸಕೊಪ್ಪದ ಟೆಂಟಿನ ಮುಂದ, ಹೈವೇದ ಬಾಜೂಕ.
ನಕಾಶೆಯೊಳಗ ಹಸಿರ ಚುಕ್ಕಿ ಒಂದ ಕಡೆ ಗುಂಪ,
ಮಿಡಚಿ ಕೂತಂಗ.
ಉಳದ ಜಿಲ್ಲಾ ಮೇದು ಬಿಟ್ಟ ಹೊಲ.

ಬುಧವಾರ ರಾತ್ರಿ ಹನ್ನೊಂದೂ ನಲವತ್ತು, ಸುಳೇಭಾವಿ.
ಹೆಣ್ಣ ದನಿ. ಹಿಂದ ಏನೂ ಸಪ್ಪಳಿಲ್ಲ.
ಸುಳೇಭಾವಿಯಿಂದ ಸಪ್ಪಳಿಲ್ಲದ ಕಾಲ್ ಬರೂದಿಲ್ರೀ,
ಪಾವರಲೂಮ್ ಸುಮ್ಮನಾಗೈತಿ ಅಂದ್ರ ಏನೋ ಆಗೈತಿ.
ಮಗ್ಗಕ್ಕ ಕರೆಂಟ್ ಇಳದೈತಿ, ಗಂಡಗ ಹಿಡದೈತಿ,
ಮೇನ್ ಬಂದ್ ಮಾಡಿ ಕತ್ತಲದಾಗ ನಿಂತು ಮಾತಾಡಾಕತ್ತಾಳ.
ಉಸರ ಐತೇನವಾ?
ಇಲ್ಲಕ್ಕಾ.

ಕಲಂ ಏಳು. ಸಂಬಂಧಪಟ್ಟ ಇಲಾಖೆ.
ಪೊಲೀಸರಿಗೆ ನಾ. ಬೆಂಕಿಗೆ ಬ್ಯಾರೆಯವರು.
ಆಂಬುಲೆನ್ಸಿಗೆ ಬ್ಯಾರೆ ನಂಬರ್, ಬ್ಯಾರೆ ಊರಾಗಿನ ಬ್ಯಾರೆ ಕುರ್ಚಿ.
ವರ್ಗಾಯಿಸಿದೆ. ಲೈನ್ ಬಿಡಲಿಲ್ಲ.
ಹತ್ತರದ ಆಂಬುಲೆನ್ಸ್ ಎಲ್ಲೈತಿ?
ಹಲಗಾ.
ಬರಾಕತ್ತೈತವಾ, ಅಂದೆ.

ಎದಿ ನಡಬರಕ ಎರಡೂ ಕೈ ಇಡು, ಮೊಣಕೈ ಮಡಚಬ್ಯಾಡ.
ಎಷ್ಟ ಲಗೂ ಒತ್ತಲಿ?
ನನ್ನ ಮುಂದಿನ ಕಾರ್ಡಿನಾಗ ನಿಮಿಷಕ್ಕ ನೂರಾ ಹತ್ತು ಅಂತ ಐತಿ.
ಆ ಹೊತ್ತಿನಾಗ ನೂರಾ ಹತ್ತು ಅಂದ್ರ ಆಕಿಗೆ ಏನು?
ನಿಮ್ಮ ಮಗ್ಗ ಹೆಂಗ ಬಡೀತೈತಿ, ಹಂಗ ಒತ್ತು.
ಖಟ್ ಖಟ್ ಖಟ್ ಅಂತ ಆಕಿ ಬಾಯಿಗೇ ಬಂತು.
ನಿಂತ ಮಗ್ಗಾನ ಬಾಯಿಲೆ ಓಡಿಸಿದ್ಲು
ಹತ್ತೊಂಬತ್ತು ನಿಮಿಷ.
ಇತ್ತ ಇಮಾಮಹುಸೇನ ಬೆರಳಲೆ ಟೇಬಲ್ ಬಡ್ಯಾಕತ್ತಿದ್ದ,
ತನಗ ಗೊತ್ತಿಲ್ಲದಂಗ.

ಆಮ್ಯಾಲ ಬೂಟಿನ ಸಪ್ಪಳ. ಯಾರೋ ಸರೀರಿ ಅಂದ್ರು.
ಫೋನ್ ಕಟ್.
ಅಲ್ಲಿಗೆ ನಮ್ಮ ಹಕ್ಕ ಮುಗೀತು.
ಬದುಕಿದನೋ ಇಲ್ಲೋ ಅಂತ ತಿರುಗಿ ಕೇಳೂ ಕಲಂ
ನಿಮ್ಮ ನಲವತ್ತೊಂದರಾಗ ಇಲ್ಲ.

ಒಂಬತ್ತರಾಗ ನಾವು ಇದ್ವಿ:
ಕರೆ ಸ್ವೀಕರಿಸುವವರನ್ನೂ ರಕ್ಷಣಾ ಸಿಬ್ಬಂದಿಯೆಂದು ಪರಿಗಣಿಸತಕ್ಕದ್ದು.
ಶುಕ್ರವಾರ ಹೊಡದ ಹಾಕಿದ್ರಿ, ಖರ್ಚ ಬೀಳತೈತಿ ಅಂತ.
ಧ್ವನಿಮತ. ಹೌದು ಹೌದು ಅಂದದ್ದನ್ನ ಟೀವ್ಯಾಗ ಕೇಳೇನಿ.
ದನಿ ತೂಗೂದು ನನ್ನ ಕೆಲಸ, ಸಾಹೇಬ್ರ,
ಅದರಾಗ ಅರ್ಧಾ ಮಂದಿಗೆ ನಿದ್ದಿ ಇತ್ತು.
ಇನ್ನೂ ನಾ ದತ್ತಾಂಶ ನಮೂದು ಸಹಾಯಕಿ, ಹೊರಗುತ್ತಿಗೆ,
ಸುಗಂಧಾ ಬಡಿಗ್ಯಾರ.

ಸೋಮವಾರ ಸುಳೇಭಾವಿಯ ಅದೇ ನಂಬರ್ ಬಂತು.
ಹೇಳ್ರಿ, ಅಂದೆ. ಯಾರೂ ಮಾತಾಡಲಿಲ್ಲ.
ಖಟ್ ಖಟ್ ಖಟ್ ಖಟ್.
ಮಗ್ಗ ಓಡಾಕತ್ತಿತ್ತು.
ಓಡಸಾಂವ ಆತನೋ, ಓಡಸಾಕಿ ಈಕಿಯೋ.
ಒಂದ ನಿಮಿಷ ಕಿವಿ ಕೊಟ್ಟೆ, ಎಣಿಸಿದೆ, ನೂರಾ ಹತ್ತು.
ಪರದೆ ಮ್ಯಾಲ ಡಬ್ಬಿ ತೆರಕೊಂಡಿದ್ವು:
ಪೊಲೀಸ್. ಬೆಂಕಿ. ವೈದ್ಯಕೀಯ. ಖಾಲಿ ಕರೆ.
ಯಾವುದಾದರೂ ಒಂದನ್ನು ಗುರುತಿಸತಕ್ಕದ್ದು.

ಅಷ್ಟರಾಗ ಬಾಜೂ ಲೈನ್ ಬಾರಿಸಿತು.
ಎರಡನೇ ರಿಂಗಿಗೇ ತಗೊಂಡೆ.