ಹದಿನಾಲ್ಕನೇ ಬೆಡ್ಡಿನ ಮೆಣಸು

ಎರಡು ಪೇಂಟು ಬಕೆಟ್ಟು, ಒಂದು ಎಣ್ಣೆ ಡಬ್ಬ,
ಒಡೆದ ಕೊಡದ ಕೆಳಗಿನರ್ಧ,
ಒಂದು ಮಾತ್ರ ನಿಜವಾದ ಕುಂಡ,
ಚೌಕಾಸಿ ಮಾಡಿ ಮಾರ್ಕೆಟ್ಟಿನಿಂದ ತಲೆ ಮೇಲೆ ಹೊತ್ತು ತಂದದ್ದು.
ಮಂಡಿ ಮೊಹಲ್ಲಾದ ಈ ತಾರಸಿಯಲ್ಲಿ
ಧನುರ್ಮಾಸ ಕಾಲಿಟ್ಟ ಮೇಲೆ
ಸಂಜೆ ಐದೂವರೆಗೆ ನನಗೆ ಬೇರೆ ಯೋಚನೆಯಿಲ್ಲ.

ಜೀರಿಗೆ ಮೆಣಸು ಇವು. ಉಗುರಿನಷ್ಟು ಕಾಯಿ,
ಕಚ್ಚಿದವರ ಕಿವಿಯಲ್ಲಿ ಹೊಗೆ.
ಗಿಡಕ್ಕೆ ಮಾತ್ರ ಚಳಿ ತಡೆಯುವುದಿಲ್ಲ ನೋಡಿ,
ನಾಲ್ಕು ರಾತ್ರಿ ಥಂಡಿ ಹಿಡಿದರೆ ಎಲೆ ಮುದುಡುತ್ತದೆ,
ಹೂವು ತೊಟ್ಟು ಸಮೇತ ಮಣ್ಣಿಗೆ.
ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇಟ್ಟುಕೊಂಡು ನಡುಗುತ್ತೀರಲ್ಲ,
ನಾಚಿಕೆಯಾಗಬೇಕು, ಎಂದು ಬೈಯುತ್ತಲೇ
ಒಂದೊಂದನ್ನೂ ಟ್ಯಾಂಕಿನ ಗೋಡೆಗೆ ತಳ್ಳುತ್ತೇನೆ.
ಮಧ್ಯಾಹ್ನವೆಲ್ಲ ಬಿಸಿಲು ಕುಡಿದ ಗೋಡೆ ಅದು,
ಕೈಯಿಟ್ಟರೆ ಹಸುವಿನ ಬೆನ್ನಿನ ಹಾಗೆ.

ನಡುವೆ ಗುಜರಿಯಲ್ಲಿ ಸಿಕ್ಕ ಸೊಟ್ಟ ಸಲೈನ್ ಸ್ಟ್ಯಾಂಡು,
ಸುತ್ತ ಬಿದಿರು ಕಡ್ಡಿ, ಮೇಲೆ
ವಾರ್ಡಿನಲ್ಲಿ ಕಂಡಮ್ ಆದ ಕೆಂಪು ರಗ್ಗು.
ಬಟ್ಟೆ ಎಲೆಗೆ ತಾಗಬಾರದು.
ತಾಗಿದ ಕಡೆಯೇ ಚಳಿ ಕೂರುವುದು.
ನೀರು ಬೆಳಿಗ್ಗೆ ಮಾತ್ರ, ಅದೂ ಬಿಸಿಲಿಗಿಟ್ಟು ಆರಿದ್ದು,
ಅಲ್ಲ, ಕಾದದ್ದು. ಚಳಿಗಾಲದಲ್ಲಿ ಮಾತೂ ತಿರುವುಮುರುವು.

ಆಮೇಲೆ ಟಿಫನ್ ಬಾಕ್ಸ್ ಹಿಡಿದು ದೊಡ್ಡಾಸ್ಪತ್ರೆಗೆ, ನೈಟ್ ಡ್ಯೂಟಿ.
ಅಲ್ಲೂ ಅದೇ ಕೆಲಸ. ಜಾರಿದ ರಗ್ಗು ಎಳೆದು ಹೊದಿಸುವುದು,
ಬೆಡ್ಡಿನಿಂದ ಬೆಡ್ಡಿಗೆ.

ಹೋದ ವರ್ಷ ಹದಿನಾಲ್ಕರಲ್ಲಿ
ಸರಗೂರಿನ ನಂಜಮ್ಮಣ್ಣಿ ಇದ್ದಳು.
ಸೆರಗಿನ ಗಂಟಿನಲ್ಲಿ ಒಣಗಿದ ಮೆಣಸು ಬಚ್ಚಿಟ್ಟುಕೊಂಡು
"ಆಸ್ಪತ್ರೆ ಸಾರು ಸತ್ತೋಗದೆ ಕಣವ್ವ" ಎಂದು
ಗಂಜಿಗೆ ನುರಿದುಕೊಳ್ಳುವವಳು.
ಮನೆಗೆ ಹೊರಟ ದಿನ ನನ್ನ ಕೈ ಹಿಡಿದು
"ದುಡ್ಡಿಲ್ಲ, ಇದ್ನ ಮಡಿಕೊ" ಎಂದು ಎರಡು ಕಾಯಿ ಒತ್ತಿದಳು.
ಆಯಾ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ,
ಮೊಳೆತ ಬಕ್ಷೀಸು ಅದೊಂದೇ.

ಮೊನ್ನೆ ಏನಾಯಿತೆಂದರೆ,
ರಗ್ಗು ಒಗೆದು ಹಾಕಿದ್ದೆ. ಒಣಗಲಿಲ್ಲ.
ಅದು ಮರೆತೇ ಹೋಗಿ ಬೇಗ ಡ್ಯೂಟಿಗೆ ಓಡಿದೆ.
ವಾರ್ಡಿನಲ್ಲಿ ಹನ್ನೊಂದಕ್ಕೆ ಕಿಟಕಿ ಮುಚ್ಚುವಾಗ ನೆನಪಾಗಿ
ಕೆಳಗಿನ ಮನೆ ಜಬೀನಾಗೆ ಫೋನು ಮಾಡಿದೆ.
ಎತ್ತಲಿಲ್ಲ. ಮಿಷನ್ ತುಳಿದು ತುಳಿದು
ಸತ್ತ ಹಾಗೆ ನಿದ್ದೆ ಹೋಗುತ್ತಾಳೆ ಪಾಪ.
ಐದು ಗಿಡಕ್ಕೆ ಯಾರಾದರೂ ಹೀಗೆ ಒದ್ದಾಡುತ್ತಾರಾ
ಎಂದು ನನ್ನನ್ನೇ ಕೇಳಿಕೊಂಡು
ಇಡೀ ರಾತ್ರಿ ಒದ್ದಾಡಿದೆ.

ಬೆಳಿಗ್ಗೆ ಮೆಟ್ಟಿಲು ಹತ್ತಿ ನೋಡಿದರೆ
ಮಂಜಿನಲ್ಲಿ ಐದು ಜನ ನಿಂತಿದ್ದರು.
ಒಬ್ಬರಿಗೆ ಲುಂಗಿ, ಇಬ್ಬರಿಗೆ ಸೇರಿ ಒಂದು ದುಪಟ್ಟ,
ಡಬ್ಬದ ಗಿಡಕ್ಕೆ ಹೊಲಿಗೆ ಮಿಷನ್ನಿನ ಕವರು,
ನಿಜವಾದ ಕುಂಡದ್ದಕ್ಕೆ ಶೋಯಬನ ಮರೂನ್ ಶಾಲೆ ಸ್ವೆಟರು,
ಗುಂಡಿ ಹಾಕಿ, ತೋಳು ಎರಡೂ ಇಳಿಬಿಟ್ಟು,
ಪ್ರಾರ್ಥನೆಗೆ ನಿಂತ ಹಾಗೆ.
ಕೆಳಗಿಂದ ಜಬೀನಾ ಕೂಗುತ್ತಿದ್ದಳು,
"ಎಲ್ಲೋ ಸ್ವೆಟರು? ಆಟೋ ಬಂತು!"
ಹುಡುಗ ಉತ್ತರ ಕೊಡಲಿಲ್ಲ.
ನಾನು ಬಿಚ್ಚಿ, ಕೊಡವಿ, ಕೆಳಗೆ ಎಸೆದೆ.
ತೋಳಿನಲ್ಲಿ ಎರಡು ಎಲೆ ಉಳಿದಿತ್ತು. ಹೇಳಲಿಲ್ಲ.

ಈ ವಾರ ನಂಜಮ್ಮಣ್ಣಿ ಮತ್ತೆ ಬಂದಿದ್ದಾಳೆ,
ಉಬ್ಬಸ, ಹದಿನಾಲ್ಕು ಖಾಲಿಯಿಲ್ಲದೆ ಒಂಬತ್ತು.
ಮೊದಲ ಮಾತು, "ಗಿಡ ಹೆಂಗದೆ?"
"ಸ್ವೆಟರ್ ಹಾಕ್ಕಂಡು ಇಸ್ಕೂಲ್ಗೆ ಹೊಂಟದೆ" ಎಂದೆ.
ನಕ್ಕು, ಕೆಮ್ಮಿ, ಮತ್ತೆ ನಕ್ಕು
ಸಿಸ್ಟರ್ ಕೈಲಿ ಇಬ್ಬರೂ ಬೈಸಿಕೊಂಡೆವು.
ರಗ್ಗು ಎಳೆದೆ. ಗಲ್ಲದ ತನಕ ಬಂದಾಗ
ನನ್ನ ಮಣಿಕಟ್ಟು ಹಿಡಿದುಕೊಂಡಳು.
"ಮೊಕ ಮುಚ್ಬೇಡ ಕಣೆ, ಉಸುರಾಡ್ಲಿ."
ಯಾರದ್ದು ಎಂದು ನಾನು ಕೇಳಲಿಲ್ಲ.
ಸೆರಗಿನ ತುದಿಯ ಗಂಟು ಬಿಚ್ಚಿ
ಅವಳ ಗಂಜಿಗೆ ಹಸಿರು ಕಾಯಿ ಒಂದು ನುರಿದೆ.